ಸೈಪ್ರಸ್ ಟ್ರಿಪ್ ಪ್ಲಾನ್ ಮಾಡೋಕೆ ಹೋಗಿ ರಾಮನದುರ್ಗ ಸಿಕ್ಕಿತು

ಈ ಎಪಿಸೋಡನ್ನ ಕೊಟ್ಟೂರಿನ ನಮ್ಮ ಮನೆ ಮಾಳಿಗೆ ಮೇಲಿನ ರೂಮಲ್ಲಿ ಕೂತು ರೆಕಾರ್ಡ್ ಮಾಡ್ತಿದ್ದೀನಿ. ಮಧ್ಯೆ ಟ್ರ್ಯಾಕ್ಟರ್ ಸದ್ದು ಬಂದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ವಿಷಯ ಶುರುವಾಗಿದ್ದು ಒಂದು ವಾಟ್ಸಾಪ್ ಗ್ರೂಪಿಂದ. ನಾವು ಮೂರು ಜನ ಗೆಳೆಯರು, ಮೂವರೂ ಬಿ.ಕಾಂ. ಒಬ್ಬ ಕೂಡ್ಲಿಗಿಯವನು, ಒಬ್ಬ ಹರಪನಹಳ್ಳಿಯವನು, ನಾನು ಕೊಟ್ಟೂರಿನವನು. ಮೂರು ವರ್ಷದಿಂದ ದುಡ್ಡು ಕೂಡಿಡ್ತಾ ಇದ್ದೀವಿ. ಎಂಟು ದಿನ ರಜಾ, ಒಂದು ಮೆಡಿಟರೇನಿಯನ್ ದ್ವೀಪ, ನೀಲಿ ನೀರು, ಏನೂ ಮಾಡದೇ ಸುಮ್ನೆ ಕೂರೋದು. ಇಷ್ಟೇ ಪ್ಲಾನ್. ಮಾಲ್ಟಾ, ಕ್ರೀಟ್, ಸೈಪ್ರಸ್ ಮೂರನ್ನೂ ಎಕ್ಸೆಲ್ ಶೀಟಲ್ಲಿ ಹಾಕಿ, ಕಾಮರ್ಸ್ ಹುಡುಗ್ರು ಅಲ್ವಾ, ವೀಸಾ ಫೀ, ರೂಮ್ ಬಾಡಿಗೆ, ಗಲ್ಫಲ್ಲಿ ಫ್ಲೈಟ್ ಬದಲಿಸೋ ಖರ್ಚು ಎಲ್ಲಾ ಕೂಡಿ ಕಳೆದು ಸೈಪ್ರಸ್ ಅಂತ ನಿಕ್ಕಿ ಮಾಡಿದ್ವಿ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವ್ವಗೆ ಹೇಳಿದೆ. ಅವ್ವ ಕೇಳಿದ ಮೊದಲ ಪ್ರಶ್ನೆ: "ಅಲ್ಲೇನ್ ಕೆಲಸ ಐತಪಾ?"

"ಕೆಲಸ ಏನಿಲ್ಲ ಅವ್ವ. ಸುಮ್ನೆ ಹೋಗೋದು."

"ಕೆಲಸ ಇಲ್ದಲೆ ಅಷ್ಟು ದೂರ ಯಾರು ಹೋಗ್ತಾರ?"

ನಗು ಬಂತು. ಆಮೇಲೆ ನಗು ನಿಂತುಹೋಯ್ತು. ಯಾಕಂದ್ರೆ ನಮ್ಮ ಕಡೆ, ಅಂದ್ರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲೂಕಲ್ಲಿ, ಊರು ಬಿಟ್ಟು ವಾರಗಟ್ಟಲೆ ಹೋಗೋದಕ್ಕೆ ಒಂದು ಹೆಸರಿದೆ. ಗುಳೆ. ಮಳೆ ಕೈಕೊಟ್ರೆ ಮನೆಗೆ ಬೀಗ ಹಾಕಿ, ಪಾತ್ರೆ ಪಡಗ ಗಂಟು ಕಟ್ಟಿ, ಮಂಡ್ಯಕ್ಕೆ ಕಬ್ಬು ಕಡಿಯೋಕೆ, ಚಿಕ್ಕಮಗಳೂರು ಕೊಡಗಿಗೆ ಕಾಫಿ ಕೀಳೋಕೆ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗೋದು. ನಮ್ಮವ್ವ ಮದುವೆಗೆ ಮುಂಚೆ ಎರಡು ಸೀಸನ್ ಕೊಡಗಿಗೆ ಹೋಗಿದ್ದಾಳೆ. ಮಡಿಕೇರಿ ಹೆಂಗಿತ್ತವ್ವ ಅಂತ ಕೇಳಿದ್ರೆ ಮಂಜು, ಬೆಟ್ಟ ಅಂತೆಲ್ಲ ಹೇಳಲ್ಲ. "ಜಿಗಣಿ" ಅಂತಾಳೆ. ಅಷ್ಟೇ.

ಗುಳೆ ಬಿಟ್ರೆ ಇನ್ನೊಂದು ಇದೆ, ಜಾತ್ರೆ. ಕೊಟ್ಟೂರಿನ ಗುರು ಬಸವೇಶ್ವರ ತೇರಿಗೆ ದಾವಣಗೆರೆ ಕಡೆಯಿಂದ ಜನ ನಡ್ಕೊಂಡೇ ಬರ್ತಾರೆ. ಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆ ಹೊತ್ತಿಗೆ ಚಕ್ಕಡಿ ಕಟ್ಕೊಂಡು ಬಂದು ಅಲ್ಲೇ ಬಿಡಾರ ಹೂಡಿ, ಕಾರಣಿಕ ಕೇಳ್ಕೊಂಡು ಹೋಗ್ತಾರೆ. ಅದು ರಜಾನೇ, ಆದ್ರೆ ಯಾರೂ ಹಂಗನ್ನಲ್ಲ, ಹರಕೆ ಅಂತಾರೆ. "ರೆಸ್ಟ್ ತಗೊಳ್ಳೋಕೆ ಹೋಗ್ತಿದ್ದೀನಿ" ಅನ್ನೋ ಮಾತು ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಆಡಿಲ್ಲ.

ಸರಿ, ಸೈಪ್ರಸ್ಸಿಗೆ ವಾಪಸ್ ಬರೋಣ. ಮ್ಯಾಪ್ ನೋಡ್ತಾ ಇದ್ದಾಗ ಒಂದು ಹೆಸರು ಕಣ್ಣಿಗೆ ಬಿತ್ತು, ಟ್ರೂಡೋಸ್. ದ್ವೀಪದ ನಡುವೆ ಬೆಟ್ಟದ ಸಾಲು, ಎತ್ತರದ ಶಿಖರ 1,952 ಮೀಟರ್. ಅಲ್ಲೊಂದು ಬ್ರಿಟಿಷರ ಕಾಲದ ಹಿಲ್ ಸ್ಟೇಷನ್. ಸುತ್ತಲೂ ಸಮುದ್ರ ಇರೋ ದ್ವೀಪದಲ್ಲಿ, ಜಗತ್ತೆಲ್ಲಾ ಬೀಚಿಗೆ ಅಂತ ಹೋಗೋ ಜಾಗದಲ್ಲಿ, ಬೆಟ್ಟದ ಮೇಲೆ ಯಾಕ್ರೀ ಮನೆ ಕಟ್ಟಿದ್ರು? ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದೆ. ಅರ್ಧ ಉತ್ತರ ನಮ್ಮ ಮನೆ ಹಿಂದೇನೇ ಇತ್ತು.

ಕೂಡ್ಲಿಗಿ ದಾಟಿ ಸಂಡೂರು ಕಡೆ ಹೋದ್ರೆ ಬೆಟ್ಟಗಳ ಮೇಲೆ ರಾಮನದುರ್ಗ ಅಂತ ಊರಿದೆ. ಕಾಲೇಜಲ್ಲಿದ್ದಾಗ ಬೈಕಲ್ಲಿ ಹೋಗಿದ್ದೆ. ದಾರಿ ತುಂಬಾ ಅದಿರು ಲಾರಿ, ಮೈಯೆಲ್ಲಾ ಕೆಂಪು ಧೂಳು. ಮೇಲೆ ಹೋದ್ಮೇಲೆ ತಣ್ಣನೆ ಗಾಳಿ, ಪಾಳುಬಿದ್ದ ಬಂಗಲೆಗಳು. ಸೆಲ್ಫಿ ತಗೊಂಡು ಇಳಿದು ಬಂದ್ವಿ, ಅದೇನು ಅಂತ ಆಗ ಕೇಳಲೇ ಇಲ್ಲ.

ಅದು ಇಲ್ಲಿನ ಮೊದಲ "ರೆಸಾರ್ಟ್" ಅಂತ ಬೇಕಾದ್ರೆ ಅನ್ಕೊಳ್ಳಿ. ನಿಜಾಮ 1800ರಲ್ಲಿ ಬಳ್ಳಾರಿ ಸೀಮೆಯನ್ನ ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿಯಲ್ಲಿ ದೊಡ್ಡ ದಂಡು ಬಂತು, ಗೋರಾ ಸಿಪಾಯಿಗಳು ಬಂದ್ರು. ಬಳ್ಳಾರಿ ಬಿಸಿಲು ನಿಮಗೆ ಗೊತ್ತಲ್ಲ, ನಮಗೇ ತಡೆಯೋಕಾಗಲ್ಲ. ಕಾಯಿಲೆ ಬಿದ್ದ ಸಿಪಾಯಿಗಳು ಚೇತರಿಸಿಕೊಳ್ಳೋಕೆ ಅಂತ 1840ರ ದಶಕದಲ್ಲಿ ಮದ್ರಾಸ್ ಸರ್ಕಾರ ರಾಮನದುರ್ಗವನ್ನ ಆರಿಸಿತು. ಬೆಟ್ಟ ಅವರದ್ದಲ್ಲ, ಸಂಡೂರಿನ ಘೋರ್ಪಡೆ ದೊರೆಗಳದ್ದು. ಒಪ್ಪಿಗೆ ಪಡೆದು ಆರೋಗ್ಯಧಾಮ ಮಾಡಿದ್ರು. ಸಮುದ್ರಮಟ್ಟದಿಂದ 3,256 ಅಡಿ ಎತ್ತರ. ಊಟಿಗೆ ಹೋಲಿಸಿದ್ರೆ ಅದರ ಅರ್ಧದಷ್ಟೂ ಇಲ್ಲ, ಆದ್ರೆ ಬಳ್ಳಾರಿಯ ಬಯಲಿಂದ ನೋಡಿದ್ರೆ ಅದೇ ಸ್ವರ್ಗ. ಆಮೇಲೆ ರೈಲು ಬಂತು, ಬೆಂಗಳೂರು, ನೀಲಗಿರಿ ಹತ್ತಿರವಾದವು. ಹಂಗಾಗಿ ರಾಮನದುರ್ಗದ ಬೆಲೆ ಇಳೀತು ಅನ್ನೋದು ನನ್ನ ಲೆಕ್ಕ.

ಇಲ್ಲಿ ಒಂದು ಮಾತು. ಅವರು ಬೆಟ್ಟ ಹತ್ತಿದ್ದು ಮೋಜಿಗೆ ಅಂತ ಅಷ್ಟೇ ಅಲ್ಲ. ಮಲೇರಿಯಾ ಸೊಳ್ಳೆಯಿಂದ ಹರಡುತ್ತೆ ಅಂತ ರೊನಾಲ್ಡ್ ರಾಸ್ ತೋರಿಸಿದ್ದು 1897ರಲ್ಲಿ. ಅದಕ್ಕೂ ಮುಂಚೆ ಜೌಗಿನ ಕೆಟ್ಟ ಗಾಳಿಯಿಂದ ಜ್ವರ ಬರುತ್ತೆ ಅಂತ ನಂಬಿದ್ರು. ಎತ್ತರಕ್ಕೆ ಹೋದ್ರೆ ಜ್ವರ ಕಡಿಮೆ ಅನ್ನೋದು ಅನುಭವದಿಂದ ಗೊತ್ತಿತ್ತು, ಕಾರಣ ಮಾತ್ರ ತಪ್ಪಾಗಿ ತಿಳ್ಕೊಂಡಿದ್ರು. ಸಿಮ್ಲಾ, ಊಟಿ, ರಾಮನದುರ್ಗ ಎಲ್ಲದರ ಹಿಂದೆ ಇದೇ ಭಯ ಇದೆ.

ಈಗ 1876ಕ್ಕೆ ಬನ್ನಿ. ಮಳೆ ಇಲ್ಲ. ನಮ್ಮ ಕಡೆ ಧಾತು, ಈಶ್ವರ ಸಂವತ್ಸರದ ಬರ ಅಂತಾರಲ್ಲ, ಅದು. 1876ರಿಂದ 78ರವರೆಗೆ. ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ಪೆಟ್ಟು ತಿಂದ ಕಡೆಗಳಲ್ಲಿ ಒಂದು. 1877ರ ಆರಂಭದಲ್ಲಿ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಬಂದು, ಬರಗಾಲದ ಕಾಮಗಾರಿಯಲ್ಲಿ ದುಡಿಯೋ ಗಂಡಸಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದಾಣೆ ಸಾಕು ಅಂದ. ಒಂದು ಪೌಂಡ್ ಅಂದ್ರೆ ಅರ್ಧ ಕೆಜಿನೂ ಇಲ್ಲ. ಅದರ ಮೇಲೆ ದಿನಪೂರ್ತಿ ಮಣ್ಣು ಹೊರಬೇಕು. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಕಾರ್ನಿಷ್, ಅವನೂ ಬ್ರಿಟಿಷನೇ, ಇಷ್ಟರಲ್ಲಿ ಮನುಷ್ಯ ಬದುಕಲ್ಲ ಅಂತ ಜಗಳ ಮಾಡಿದ. 1871ರ ಜನಗಣತಿಯಿಂದ 1881ರ ಹೊತ್ತಿಗೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಪಾಲು ಕುಸಿದಿತ್ತು. ಬ್ಯಾಲೆನ್ಸ್ ಶೀಟ್ ನೋಡಿ ಅಭ್ಯಾಸ ಇರೋನಿಗೂ ಈ ಲೆಕ್ಕ ಓದಿ ಮುಂದಕ್ಕೆ ಹೋಗೋಕಾಗಲಿಲ್ಲ. ಐದು ಮನೆ ಇರೋ ಓಣಿಯಲ್ಲಿ ಒಂದು ಮನೆ ಖಾಲಿ. ಸತ್ತವರೂ ಇದ್ದಾರೆ, ಊರು ಬಿಟ್ಟು ಹೋದವರೂ ಇದ್ದಾರೆ.

ಇದೇ 1878ರಲ್ಲಿ ಇನ್ನೊಂದು ನಡೀತಿತ್ತು. ರಷ್ಯಾ ತುರ್ಕಿಯನ್ನ ಸೋಲಿಸಿ ಮುಂದೆ ಬರ್ತಾ ಇದೆ, ರಷ್ಯಾಕ್ಕೆ ಹೆದರಿಕೆ ಹುಟ್ಟಿಸಬೇಕು ಅಂತ ಬ್ರಿಟಿಷ್ ಪ್ರಧಾನಿ ಡಿಸ್ರೇಲಿ ಇಂಡಿಯಾದಿಂದ ಸುಮಾರು 7,000 ಸೈನಿಕರನ್ನ ಹಡಗಲ್ಲಿ ಮಾಲ್ಟಾ ದ್ವೀಪಕ್ಕೆ ಕರೆಸಿದ. ಸೂಯೆಜ್ ಕಾಲುವೆ 1869ರಲ್ಲೇ ತೆರೆದಿತ್ತು, ದಾರಿ ಹತ್ತಿರವಾಗಿತ್ತು. ಪಾರ್ಲಿಮೆಂಟನ್ನ ಕೇಳದೇ ಕರೆಸಿದ್ದು ಯಾಕೆ ಅಂತ ಲಂಡನ್ನಲ್ಲಿ ದೊಡ್ಡ ಗಲಾಟೆ ಆಯ್ತು. ಆ ದಂಡಿನಲ್ಲಿ ಮದ್ರಾಸ್ ಸ್ಯಾಪರ್ಸ್ ತುಕಡಿಗಳೂ ಇದ್ದವು. ಸ್ಯಾಪರ್ಸ್ ಅಂದ್ರೆ ಸೈನ್ಯಕ್ಕೆ ರಸ್ತೆ, ಸೇತುವೆ ಕಟ್ಟೋರು. ಅವರ ನೆಲೆ ನಮ್ಮ ಬೆಂಗಳೂರೇ. ಹಲಸೂರು ಕೆರೆ ಹತ್ತಿರ ಎಂಇಜಿ ಅಂತ ಬೋರ್ಡ್ ನೋಡಿರ್ತೀರಲ್ಲ, ಅದೇ ಪಡೆ.

ಅಷ್ಟೊತ್ತಿಗೆ 1878ರ ಜೂನ್ 4ರಂದು ತುರ್ಕಿ ಜೊತೆ ಒಪ್ಪಂದ ಆಗಿ ಸೈಪ್ರಸ್ ಆಡಳಿತ ಬ್ರಿಟಿಷರ ಕೈಗೆ ಬಂತು. ಮಾಲ್ಟಾದಲ್ಲಿದ್ದ ಭಾರತೀಯ ಸೈನಿಕರನ್ನ ಜುಲೈನಲ್ಲಿ ಅಲ್ಲಿಗೆ ಇಳಿಸಿದ್ರು. ನಾನು ಎಂಟು ದಿನಕ್ಕೆ ಇಷ್ಟೆಲ್ಲಾ ಲೆಕ್ಕ ಹಾಕ್ತಿರೋ ಲಾರ್ನಾಕಾ ಬೀಚಿಗೆ, ಸುಮಾರು ನೂರೈವತ್ತು ವರ್ಷದ ಹಿಂದೆನೇ ಬೆಂಗಳೂರಿಂದ ಹೋದವರು ಇಳಿದಿದ್ರು. ಅವರನ್ನ ಯಾರೂ ಎಲ್ಲಿಗೆ ಹೋಗ್ತೀಯಾ ಅಂತ ಕೇಳಿರಲಿಲ್ಲ. ಕೆಲವೇ ತಿಂಗಳಲ್ಲಿ ವಾಪಸ್ ಕಳಿಸಿದ್ರು.

ಉಳಿದಿದ್ದು ಬ್ರಿಟಿಷ್ ಸೈನಿಕರು. ಜುಲೈ, ಆಗಸ್ಟ್ ಬಿಸಿಲು, ಬಟ್ಟೆಯ ಟೆಂಟು, ಜ್ವರ. ಸಾಲುಸಾಲಾಗಿ ಮಲಗಿದ್ರು. ಮೊದಲ ಹೈಕಮಿಷನರ್ ಆಗಿ ಬಂದ ಗಾರ್ನೆಟ್ ವುಲ್ಸ್‌ಲಿ 1857ರ ದಂಗೆಯ ಹೊತ್ತಲ್ಲಿ ಇಂಡಿಯಾದಲ್ಲಿ ಕೆಲಸ ಮಾಡಿದವನು. ಮುಂದಿನ ಬೇಸಿಗೆ ಹೊತ್ತಿಗೆ ದಂಡು, ಆಡಳಿತ ಎಲ್ಲಾ ಟ್ರೂಡೋಸ್ ಬೆಟ್ಟ ಹತ್ತಿತು. ಆಮೇಲೆ ಪ್ರತಿ ಬೇಸಿಗೆನೂ ಸರ್ಕಾರ ಕಡತ ಸಮೇತ ಮೇಲಕ್ಕೆ, ಸಿಮ್ಲಾ ಥರಾನೇ. ನನಗೆ ಸಿಕ್ಕ ಉತ್ತರ ಇದು. ಮೆಡಿಟರೇನಿಯನ್ ದ್ವೀಪದಲ್ಲಿ ಹೆಂಗೆ ರಜಾ ಕಳೀಬೇಕು ಅನ್ನೋದನ್ನ ಬ್ರಿಟಿಷರು ಕಲ್ತಿದ್ದು ಇಲ್ಲಿ, ನಮ್ಮ ಬಿಸಿಲಲ್ಲಿ. ಸಮುದ್ರ ಅವರಿಗೆ ಬಂದರು ಆಗಿತ್ತು, ಸುಂಕದ ಕಟ್ಟೆ ಆಗಿತ್ತು, ಜ್ವರದ ಜಾಗ ಆಗಿತ್ತು. ಬೀಚಲ್ಲಿ ಬಿಸಿಲು ಕಾಯಿಸೋದು ಆರಾಮ ಅನ್ನೋ ಕಲ್ಪನೆ ಬಂದಿದ್ದು ಎಷ್ಟೋ ಆಮೇಲೆ.

ಇಲ್ಲೊಂದು ಮಜಾ ಇದೆ. ಟ್ರೂಡೋಸ್‌ನಲ್ಲಿ ಗವರ್ನರ್ ಬೇಸಿಗೆ ಮನೆ ಕಟ್ಟೋವಾಗ, 1880ರಲ್ಲಿ, ಕೆಲಸದ ಮೇಸ್ತ್ರಿ ಆಗಿದ್ದವನು ಆರ್ಥರ್ ರಾಂಬೋ. ಹೌದು, ಫ್ರೆಂಚ್ ಕವಿ ರಾಂಬೋನೇ. ಇಪ್ಪತ್ತರ ಆಸುಪಾಸಲ್ಲೇ ಕವಿತೆ ಬಿಟ್ಟು, ಲಾರ್ನಾಕಾ ಹತ್ತಿರ ಕಲ್ಲಿನ ಕ್ವಾರಿಯಲ್ಲಿ ಕೂಲಿಗಳ ಮೇಲ್ವಿಚಾರಣೆ ಮಾಡಿ, ಜ್ವರ ಬಂದು ಊರಿಗೆ ಹೋಗಿ, ಮತ್ತೆ ಬಂದು ಇಲ್ಲಿ ಸೇರಿದ್ದ. ಅವನೂ ಒಂದು ಥರ ಗುಳೆ ಬಂದವನೇ. ಆ ಮನೆ ಈಗ ಸೈಪ್ರಸ್ ಅಧ್ಯಕ್ಷರ ಬೇಸಿಗೆ ನಿವಾಸ. ನಮ್ಮ ರಾಮನದುರ್ಗದ ಬಂಗಲೆಗಳಿಗೆ ಸೂರಿಲ್ಲ.

ಇನ್ನೊಬ್ಬರ ಬಗ್ಗೆ ಹೇಳದೇ ಮುಗಿಸೋಕಾಗಲ್ಲ. ಸೈಪ್ರಸ್ 1960ರಲ್ಲಿ ಸ್ವತಂತ್ರ ಆಯ್ತು. 1963ರ ಕೊನೆಗೆ ಗ್ರೀಕರು, ತುರ್ಕರ ನಡುವೆ ಹೊಡೆದಾಟ. ರಾಜಧಾನಿ ನಿಕೋಸಿಯಾ ನಡುವೆ ಮ್ಯಾಪಿನ ಮೇಲೆ ಹಸಿರು ಪೆನ್ಸಿಲಲ್ಲಿ ಗೆರೆ ಎಳೆದ್ರು, ಅದಕ್ಕೇ ಇವತ್ತಿಗೂ ಗ್ರೀನ್ ಲೈನ್ ಅಂತಾರೆ. 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ಬಂತು. ಅದೇ ವರ್ಷ ಅದರ ಕಮಾಂಡರ್ ಆಗಿ ಹೋದವರು ಜನರಲ್ ಕೆ.ಎಸ್. ತಿಮ್ಮಯ್ಯ, ನಮ್ಮ ಮಡಿಕೇರಿಯವರು, ಭಾರತದ ಸೇನಾ ಮುಖ್ಯಸ್ಥರಾಗಿ ನಿವೃತ್ತರಾದವರು. ಆ ವಯಸ್ಸಲ್ಲಿ ತೋಟದ ಮನೆಯಲ್ಲಿ ಆರಾಮಾಗಿ ಇರಬಹುದಿತ್ತು. 1965ರ ಡಿಸೆಂಬರ್ 18ರಂದು ಸೈಪ್ರಸ್ಸಿನಲ್ಲೇ, ಕೆಲಸದ ಮೇಲಿರುವಾಗಲೇ ತೀರಿಕೊಂಡ್ರು. ಸೈಪ್ರಸ್ ಅವರ ನೆನಪಿಗೆ 1966ರಲ್ಲಿ ಅಂಚೆ ಚೀಟಿ ತಂತು. ಲಾರ್ನಾಕಾದಲ್ಲಿ ಅವರ ಹೆಸರಿನ ರಸ್ತೆ ಇದೆ. 1974ರಲ್ಲಿ ತುರ್ಕಿ ಸೈನ್ಯ ಬಂದು ದ್ವೀಪ ಪೂರ್ತಿ ಎರಡಾಯ್ತು, ಇನ್ನೂ ಹಾಗೇ ಇದೆ.

ನಾನು ಇದನ್ನೆಲ್ಲಾ ಅವ್ವಗೆ ಒಂದೊಂದಾಗಿ ಹೇಳ್ತಾ ಬಂದೆ. ತಿಮ್ಮಯ್ಯ ಅಂದಾಗ, ಕೊಡಗಿನವರಾ ಅಂತ ಕೇಳಿದಳು. ಬರದ ಕಥೆ ಹೇಳಿದಾಗ ಏನೂ ಮಾತಾಡಲಿಲ್ಲ. ಟ್ರೂಡೋಸ್ ಕಥೆ ಮುಗಿದ್ಮೇಲೆ, "ಹಂಗಾದ್ರ ಆ ರಾಮನದುರ್ಗ ಹೆಂಗೈತಿ? ಇಷ್ಟು ವರ್ಷ ಆತು, ಕೆಳಗಿಂದ ನೋಡೇನಿ, ಒಂದ್ಸಲನೂ ಮ್ಯಾಲ ಹೋಗಿಲ್ಲ" ಅಂದಳು.

ಹಾಗಾಗಿ ಪ್ಲಾನ್ ಸ್ವಲ್ಪ ಬದಲಾಗಿದೆ. ಸೈಪ್ರಸ್ ಕ್ಯಾನ್ಸಲ್ ಮಾಡಿಲ್ಲ, ಯಾಕೆ ಮಾಡ್ಬೇಕು? ದುಡಿದಿದ್ದೀವಿ, ಹೋಗ್ತೀವಿ. ಲಾರ್ನಾಕಾದಲ್ಲಿ ಐದು ದಿನ, ನಿಕೋಸಿಯಾ ಒಂದು ದಿನ, ಟ್ರೂಡೋಸ್ ಎರಡು ದಿನ. ಹರಪನಹಳ್ಳಿಯವನಿಗೆ ಬೆಟ್ಟ ಬೇಡವಂತೆ. ಅವನ ತಾಲೂಕು 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರಕ್ಕೆ ಸೇರಿ ಸಾಕಷ್ಟು ಓಡಾಡಿದೆ, ಅದಕ್ಕೇ ಸುಸ್ತು ಅಂತಾನೆ. ಅವನು ಬೀಚಲ್ಲೇ ಇರ್ತಾನಂತೆ, ಇರಲಿ.

ಅದಕ್ಕೂ ಮುಂಚೆ, ಬರೋ ಭಾನುವಾರ ಅವ್ವನ್ನ ರಾಮನದುರ್ಗಕ್ಕೆ ಕರ್ಕೊಂಡು ಹೋಗ್ತಿದ್ದೀನಿ. ಬೈಕಲ್ಲಿ ಬೇಡ ಅಂದಿದ್ದಕ್ಕೆ ಗೆಳೆಯನ ಕಾರು ಕೇಳಿದ್ದೀನಿ. ಬೆಳಗ್ಗೆ ಆರಕ್ಕೇ ಹೊರಡಬೇಕಂತೆ, ಜೋಳದ ರೊಟ್ಟಿ, ಶೇಂಗಾ ಚಟ್ನಿ ರೆಡಿ ಇರುತ್ತಂತೆ. ಅಲ್ಲಿಂದಲೇ ಒಂದು ಚಿಕ್ಕ ಎಪಿಸೋಡ್ ರೆಕಾರ್ಡ್ ಮಾಡೋ ಯೋಚನೆ ಇದೆ. ಕೇಳ್ತಿರೋರಲ್ಲಿ ಯಾರ ಮನೆಯ ಹಿರಿಯರಾದ್ರೂ ಆ ಬಂಗಲೆಗಳಲ್ಲಿ ಅಡುಗೆ, ನೀರು ಹೊರೋದು, ತೋಟದ ಕೆಲಸ ಏನಾದ್ರೂ ಮಾಡಿದ್ದು ನಿಮಗೆ ಗೊತ್ತಿದ್ರೆ, ಅಥವಾ ಮನೆಯಲ್ಲಿ ಹಂಗೊಂದು ಮಾತು ಕೇಳಿದ್ರೆ, ಶನಿವಾರದೊಳಗೆ ಒಂದು ವಾಯ್ಸ್ ನೋಟ್ ಕಳಿಸಿ. ಮನೆ ಯಾವುದು ಅಂತ ಹೇಳಿದ್ರೆ ಅಲ್ಲಿ ಹೋಗಿ ನೋಡಿ ಬರ್ತೀವಿ.