ರಂಪಣಿ ಬಲೆ ಕಲಿಸುವ ಪಾಠ



ನಮ್ಮ ಗಾವಡಗೆರೆಗೂ ಕಡಲಿಗೂ ಇರೋ ನಂಟು ಸಂತೆಯ ಒಣಮೀನಿನಷ್ಟೇ. ಆದರೂ ಕರಾವಳಿಯ ರಂಪಣಿ ಕಥೆ ಸಹಕಾರಿಗಳಾದ ನಾವು ಕೇಳಲೇಬೇಕಾದದ್ದು.

ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ, ಚಳಿಗಾಲದಲ್ಲಿ, ಕಾರವಾರದಿಂದ ಮಂಗಳೂರಿನವರೆಗೆ ಬಂಗುಡೆ, ಭೂತಾಯಿ ಮೀನಿನ ಹಿಂಡುಗಳು ದಡದ ಹತ್ತಿರ ಬರುತ್ತಿದ್ದವು. ದೋಣಿಯವರು ಹಿಂಡಿನ ಸುತ್ತ ಬಲೆ ಬಿಡುತ್ತಿದ್ದರು. ಎರಡೂ ತುದಿಯ ಹಗ್ಗ ಹಿಡಿದು ದಡದಲ್ಲಿ ಜನ ಎಳೆಯುತ್ತಿದ್ದರು. ಒಂದು ಕಿಲೋಮೀಟರಿನಷ್ಟು ಉದ್ದದ ಬಲೆ ಒಬ್ಬಿಬ್ಬರ ಕೈಲಿ ಆಗೋ ಕೆಲಸವೇ? 50ಕ್ಕೂ ಹೆಚ್ಚು ಜನ ಕೂಡಬೇಕಿತ್ತು. ಬಲೆ ಹಲವರ ಪಾಲಿನದು. ಸಿಕ್ಕಿದ್ದು ಹಂಚಿಕೆ, ಸಿಗದಿದ್ದರೆ ಯಾರಿಗೂ ಇಲ್ಲ.

1970ರ ದಶಕದ ನಡುವೆ ಯಂತ್ರದ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡ ಮುಟ್ಟುವ ಮೊದಲೇ ಕಡಲಲ್ಲೇ ಸುತ್ತಿ ಹಿಡಿದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮೂಲೆ ಸೇರಿತು. ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಆದದ್ದು 1986ರಲ್ಲಿ. ಅಷ್ಟರಲ್ಲಿ ಕಾಲ ಮೀರಿತ್ತು.

ಯಂತ್ರ ಬೇಡ ಅನ್ನೋ ಮಾತಲ್ಲ. ದಡದಲ್ಲಿ ಹಗ್ಗ ಎಳೆದವನಿಗೂ ಅದರಲ್ಲಿ ಪಾಲಿರಬೇಕಿತ್ತು. 25 ವರ್ಷ ತುಂಬಿದ ನಮ್ಮ ಸಂಘಕ್ಕೂ ಹೊಸದೇನೇ ಬಂದರೂ, ಸಣ್ಣ ಷೇರುದಾರನ ಪಾಲೆಲ್ಲಿ ಅಂತ ಮೊದಲು ಕೇಳೋಣ.