ರೊಕ್ಕ ಯಾರದು, ಸಾಲಿ ಯಾರದು?

1

1856ರ ಜೂನ್ ತಿಂಗಳಲ್ಲಿ ಧಾರವಾಡದ ಒಬ್ಬ ಹುಡುಗ ಮುಂಬೈ ಸರಕಾರಕ್ಕೆ ಅರ್ಜಿ ಕೊಟ್ಟ. ಸರಕಾರಿ ಸಾಲಿಯಲ್ಲಿ ನನ್ನನ್ನು ಸೇರಿಸಿಕೊಳ್ಳಲಿಲ್ಲ, ಸೇರಿಸಿಕೊಳ್ಳಲು ಹುಕುಂ ಆಗಬೇಕು ಅನ್ನೋದಷ್ಟೇ ಅದರ ಸಾರ. ಈ ಪ್ರಕರಣವನ್ನು ಎತ್ತಿ ಹೇಳುವ ಸರಕಾರಿ ಠರಾವಿನಲ್ಲಿ ಅವನಿಗೆ ಹೆಸರಿಲ್ಲ, ಜಾತಿ ಇದೆ. 'ಮಹಾರ ಅರ್ಜಿದಾರ' ಅಂತ.

ಧಾರವಾಡದ ಶಿಕ್ಷಣದ ಚರಿತ್ರೆ ಅಂದರೆ ನಮಗೆ ನೆನಪಾಗುವುದು ಬೇರೆ. 1837ರಲ್ಲಿ ಬಾಸೆಲ್ ಮಿಶನ್ ಬಂದದ್ದು, ಮರಾಠಿಯ ಆಳ್ವಿಕೆಯ ನಡುವೆ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಸಾಲಿಗಳಿಗಾಗಿ ದುಡಿದದ್ದು, 1890ರಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿದ್ದು. ಕನ್ನಡಕ್ಕೆ ಆದ ಅನ್ಯಾಯ ನಮಗೆ ಬಾಯಿಪಾಠ. ಆದರೆ ಸಾಲಿಯೊಳಗೆ ಯಾವ ಭಾಷೆ ಇರಬೇಕು ಎಂಬ ಜಗಳ ಒಳಗೆ ಕೂತವರದು. ಹೊರಗೆ ನಿಂತವನಿಗೆ ಮೊದಲು ಬೇಕಾದದ್ದು ಬಾಗಿಲು. ಚರಿತ್ರೆಯನ್ನು ಬಾಗಿಲಿನ ಹೊರಗಿನಿಂದ ಓದಿದರೆ ಏನು ಕಾಣುತ್ತದೆ ಎಂಬುದು ದಲಿತ ವಿಮರ್ಶೆಯ ಪ್ರಶ್ನೆಯೂ ಹೌದು.

2

1856ರ ಜುಲೈ 21ರ ಠರಾವನ್ನು ಒಂದು ಕೃತಿಯನ್ನು ಓದುವ ಹಾಗೆ ಓದಬೇಕು. ತಾತ್ವಿಕವಾಗಿ ನ್ಯಾಯ ಅರ್ಜಿದಾರನ ಕಡೆಗೇ ಇದೆ, ಸಂಶಯವಿಲ್ಲ ಎಂದು ಸರಕಾರ ಒಪ್ಪಿಕೊಳ್ಳುತ್ತದೆ. ಮರುಗಳಿಗೆಯೇ, ಒಬ್ಬಿಬ್ಬರ ಸಲುವಾಗಿ ಯುಗಗಳ ಪೂರ್ವಗ್ರಹಕ್ಕೆ ಏಕಾಏಕಿ ಕೈ ಹಾಕಿದರೆ ವಿದ್ಯಾಪ್ರಸಾರಕ್ಕೇ ದೊಡ್ಡ ಧಕ್ಕೆ ಎನ್ನುತ್ತದೆ. ಕೊನೆಗೆ, ಈ ತೊಂದರೆ ನಾವು ಹುಟ್ಟುಹಾಕಿದ್ದಲ್ಲ ಎಂದು ಕೈ ತೊಳೆದುಕೊಳ್ಳುತ್ತದೆ.

ಇಲ್ಲಿ 'ವಿದ್ಯಾಪ್ರಸಾರ' ಎಂಬ ಮಾತನ್ನು ಗಮನಿಸಬೇಕು. ಹುಡುಗ ಒಳಗೆ ಬಂದರೆ ವಿದ್ಯೆಗೆ ಧಕ್ಕೆ. ಅಂದರೆ ಅವನನ್ನು ಹೊರಗಿಟ್ಟೇ ಆ ಮಾತಿಗೆ ಅರ್ಥ ಕಟ್ಟಲಾಗಿದೆ. ನ್ಯಾಯ ಅವನ ಪಾಲಿಗೆ, ಸಾಲಿ ಬೇರೆಯವರ ಪಾಲಿಗೆ. ಇಂಥ ಹಂಚಿಕೆ ಆಮೇಲೂ ನಮ್ಮ ನಾಡಿನಲ್ಲಿ ಬಹಳ ನಡೆದಿದೆ.

ಪ್ರಕರಣ ಕಲಕತ್ತೆಗೆ ಹೋಯಿತು. 1857ರ ಜನವರಿ 23ರ ಕಾಗದದಲ್ಲಿ ಭಾರತ ಸರಕಾರ, ಮುಂಬೈ ಸರಕಾರ ವಿವೇಕದಿಂದಲೇ ನಡೆದಿರಬಹುದು, ಆದರೆ ಬಂಗಾಲದ ಯಾವ ಸರಕಾರಿ ಸಾಲಿಯಲ್ಲೂ ಈ ಹುಡುಗನಿಗೆ ಇಲ್ಲವೆನ್ನುತ್ತಿರಲಿಲ್ಲ ಎಂದು ಚುಚ್ಚಿತು. 1858ರ ಏಪ್ರಿಲ್ 28ರಂದು ಲಂಡನ್ನಿನ ಕಂಪನಿ ನಿರ್ದೇಶಕರು, ಸರಕಾರಿ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು, ಈ ತತ್ವ ಬಿಡಲಾಗದು ಎಂದರು. ಒಬ್ಬ ಕೇರಿಯ ಹುಡುಗನ ಅರ್ಜಿ ಮೂರು ಸರಕಾರಗಳ ಬಾಯಿ ಬಿಡಿಸಿತು. ಸಣ್ಣ ಮಾತಲ್ಲ.

3

ಆದರೆ ತತ್ವ ಜಾರಿಗೆ ಬರುವಾಗ ಅದಕ್ಕೊಂದು ರೊಕ್ಕದ ಲೆಕ್ಕ ಅಂಟಿಕೊಂಡಿತು. 1858ರಲ್ಲಿ ಮುಂಬೈ ಸರಕಾರ ಸಾಲಿಗಳನ್ನು ಎರಡು ಭಾಗ ಮಾಡಿತು. ಪೂರ್ತಿ ಸರಕಾರದ ಖರ್ಚಿನಲ್ಲಿ ನಡೆಯುವ ಸಾಲಿ ಎಲ್ಲರಿಗೂ ತೆರೆದದ್ದು. ಊರವರೂ ವಂತಿಗೆ ಕೊಡುವ ಸಾಲಿಯಲ್ಲಿ, ಕೊಡುವವರು ಬೇಡವೆಂದರೆ, ಕೆಳಜಾತಿಯ ಮಕ್ಕಳನ್ನು ಸೇರಿಸುವ ಒತ್ತಾಯವಿಲ್ಲ. ಆದರೂ ಅಂಥ ಸಾಲಿಗೆ ಸಹಾಯ ನಿಲ್ಲಿಸುವ ಹಕ್ಕು ಸರಕಾರದ ಕೈಯಲ್ಲಿ ಇರುತ್ತದೆ.

ಈ ಒಂದು ವಾಕ್ಯದಲ್ಲಿ ಮುಂದಿನ ನೂರು ವರ್ಷದ ಜಗಳವಿದೆ. ರೊಕ್ಕ ಕೊಟ್ಟವನಿಗೆ ಬಾಗಿಲು ಮುಚ್ಚುವ ಹಕ್ಕು ಸಿಕ್ಕಿತು. ಸರಕಾರಕ್ಕೆ ರೊಕ್ಕ ನಿಲ್ಲಿಸುವ ಹಕ್ಕು ಉಳಿಯಿತು, ಅದನ್ನು ಬಳಸುವ ಧೈರ್ಯ ಉಳಿಯಲಿಲ್ಲ.

ಹಾಗಾದರೆ ರೊಕ್ಕ ಕೊಟ್ಟವರು ಯಾರು? 1860ರ ದಶಕದಲ್ಲಿ ಭೂಕಂದಾಯದ ರೂಪಾಯಿಗೆ ಒಂದು ಆಣೆಯಂತೆ ಲೋಕಲ್ ಫಂಡ್ ಕರ ಬಂತು, ಅದರಲ್ಲೊಂದು ಪಾಲು ಸಾಲಿಗಳಿಗೆ. ಅದು ಅಮೆರಿಕದಲ್ಲಿ ಗುಲಾಮಗಿರಿಯ ಮೇಲೆ ಯುದ್ಧ ನಡೆದಿದ್ದ ಕಾಲ. ಅಲ್ಲಿನ ಹತ್ತಿ ನಿಂತು ನವಲಗುಂದ, ಅಣ್ಣಿಗೇರಿ ಸೀಮೆಯ ಎರೆಹೊಲದ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ಕಂದಾಯದ ಪಾವತಿ ಗೌಡನ ಹೆಸರಿನಲ್ಲಿ, ಹತ್ತಿ ಬಿಡಿಸಿದ ಕೈ ಕೇರಿಯದು. ಪಾವತಿಯಲ್ಲಿ ಹೆಸರಿದ್ದವನು 'ದಾನಿ'ಯಾದ, ಬೆವರು ಸುರಿಸಿದವನು 'ಆಕ್ಷೇಪಣೆಗೆ ಕಾರಣ'ನಾದ.

ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರು ಜೋತಿಬಾ ಫುಲೆ. 1882ರಲ್ಲಿ ಹಂಟರ್ ಆಯೋಗಕ್ಕೆ ಕೊಟ್ಟ ಮನವಿಯಲ್ಲಿ ಅವರು, ಸರಕಾರದ ಬೊಕ್ಕಸ ತುಂಬುವುದು ರೈತನ ಬೆವರಿನಿಂದ, ಉಣ್ಣುವವರು ಮೇಲಿನವರು ಎಂದು ವಾದಿಸಿದರು. ಆಯೋಗ ಲಂಡನ್ನಿನ ತತ್ವವನ್ನು ಎತ್ತಿಹಿಡಿಯಿತು. ಪ್ರಾಂತ, ನಗರಸಭೆ, ಲೋಕಲ್ ಫಂಡ್, ಯಾವುದೇ ಸಾರ್ವಜನಿಕ ಹಣದಿಂದ ಪೂರ್ತಿ ನಡೆಯುವ ಸಾಲಿಯಲ್ಲಿ ಜಾತಿಯ ಕಾರಣಕ್ಕೆ ಇಲ್ಲವೆನ್ನಬಾರದು ಎಂದಿತು. ಜೊತೆಗೇ 'ತಕ್ಕ ಎಚ್ಚರಿಕೆಯಿಂದ' ಎಂಬ ಬಾಲ ಹಚ್ಚಿತು. ಎಚ್ಚರಿಕೆ ಯಾತಕ್ಕೆ ಅಂತ ಅವರಿಗೂ ಗೊತ್ತಿತ್ತು. ಗುಜರಾತದ ಖೇಡಾ ಜಿಲ್ಲೆಯಲ್ಲಿ ಧೇಡರ ಮಕ್ಕಳನ್ನು ಸೇರಿಸಿದ್ದಕ್ಕೆ ದೊಡ್ಡ ಸಾಲಿಗಳೇ ವರ್ಷಗಟ್ಟಲೆ ಮುಚ್ಚಿದ್ದವು, ಗುಡಿಸಲಿಗೂ ಪೈರಿಗೂ ಬೆಂಕಿ ಬಿದ್ದಿತ್ತು. ಈ 'ಎಚ್ಚರಿಕೆ'ಯ ಭಾರವನ್ನು ಹೊತ್ತದ್ದು ಸಾಲಿಯ ಕಟ್ಟಿ. ನಮ್ಮ ಕಡೆ ಹಿರೇರು ಇವತ್ತಿಗೂ ಹೇಳೋದುಂಟು: "ನಾವು ಕಟ್ಟಿ ಮ್ಯಾಲ ಕುಂತು ಕಿಟಕ್ಯಾಗಿಂದ ಅಕ್ಷರ ಕಲತವ್ರಪಾ."

4

ರೊಕ್ಕದ ಹಗ್ಗವನ್ನು ಕೇರಿಯ ಕಡೆಯಿಂದ ಎಳೆಯುವ ಕೆಲಸ ಶುರುವಾದದ್ದು 1920ರ ದಶಕದಲ್ಲಿ. 1923ರ ಆಗಸ್ಟ್ 4ರಂದು ಮುಂಬೈ ಶಾಸನಸಭೆ ಎಸ್.ಕೆ. ಬೋಲೆಯವರ ಠರಾವು ಒಪ್ಪಿತು: ಸಾರ್ವಜನಿಕ ಹಣದ ಕೆರೆ, ಬಾವಿ, ಧರ್ಮಶಾಲೆ, ಸಾಲಿ ಅಸ್ಪೃಶ್ಯರಿಗೂ ತೆರೆದಿರಬೇಕು. ಊರೂರಿನ ಸಂಸ್ಥೆಗಳು ಕಿವಿಗೊಡಲಿಲ್ಲ. 1926ರಲ್ಲಿ ಬೋಲೆ ಮತ್ತೆ ಬಂದರು, ಒಪ್ಪದ ಸಂಸ್ಥೆಗಳ ಅನುದಾನ ನಿಲ್ಲಿಸಿರಿ ಎಂದರು. 1927ರ ಮಾರ್ಚಿನಲ್ಲಿ ಅಂಬೇಡ್ಕರ್ ಅದೇ ಸಭೆಯಲ್ಲಿ ಶಿಕ್ಷಣದ ಖರ್ಚನ್ನೂ ಅಬಕಾರಿಯ ಉತ್ಪನ್ನವನ್ನೂ ಎದುರುಬದುರು ಇಟ್ಟರು. ತಲೆಗೆ 14 ಆಣೆ ಸಾಲಿಗೆ, ಎರಡು ರೂಪಾಯಿಗೂ ಹೆಚ್ಚು ಹೆಂಡ-ಸರಾಯಿಯಿಂದ ವಸೂಲಿ. ಕುಡಿದು ಹಾಳಾದವನು ಕಟ್ಟಿದ ರೊಕ್ಕದಷ್ಟಾದರೂ ಅವನ ಮಗನ ಅಕ್ಷರಕ್ಕೆ ಬರಲಿ ಎಂಬ ನ್ಯಾಯ ಅದು.

1928ರ ಮೇ ತಿಂಗಳಲ್ಲಿ ಸೈಮನ್ ಆಯೋಗಕ್ಕೆ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಕೊಟ್ಟ ಹೇಳಿಕೆಯಲ್ಲಿ ಅವರು ಧಾರವಾಡದ ಆ ಹುಡುಗನನ್ನು ಮತ್ತೆ ಸಾಕ್ಷಿಗೆ ಕರೆದರು. ಎಪ್ಪತ್ತೆರಡು ವರ್ಷದ ಮೇಲೆ ಅವನ ಅರ್ಜಿಗೆ ಒಬ್ಬ ವಕೀಲ ಸಿಕ್ಕ. ಅದೇ ವರ್ಷ ಅಂಬೇಡ್ಕರ್ ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಸರಕಾರಿ ಅನುದಾನದ ವಸತಿಗೃಹಗಳನ್ನು ವಹಿಸಿಕೊಂಡಿತು. ಅವುಗಳಲ್ಲೊಂದು ಧಾರವಾಡದ್ದು. ಬಾಗಿಲು ಮುಚ್ಚಿದ ಊರಲ್ಲೇ ಮಕ್ಕಳಿಗೊಂದು ಮನೆ ಎದ್ದಿತು.

ಒಂದು ಮಾತು ಮರೆಯಬಾರದು. ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಮುಂಬೈ ಠರಾವುಗಳ ಅಧಿಕಾರ ಸಂಸ್ಥಾನದ ಗಡಿಯವರೆಗೆ ಮಾತ್ರ. ಹುಬ್ಬಳ್ಳಿಯಿಂದ ಕೆಲವೇ ಹರದಾರಿ ದೂರದ ಮಗುವಿಗೆ ಬೇರೆ ದೊರೆ, ಬೇರೆ ನ್ಯಾಯ.

5

ರೊಕ್ಕದ ಹಗ್ಗ ಎಳೆದರೆ ಬಾಗಿಲು ತೆರೆಯುತ್ತದೆಯೇ? ಅಮೆರಿಕದ ಅನುಭವ ಹೌದು ಎನ್ನುತ್ತದೆ, ಅರ್ಧ. 1954ರಲ್ಲಿ ಸುಪ್ರೀಂ ಕೋರ್ಟು ಬಿಳಿಯರ-ಕರಿಯರ ಬೇರೆ ಸಾಲಿ ತಪ್ಪೆಂದರೂ ದಕ್ಷಿಣದ ರಾಜ್ಯಗಳು ಹತ್ತು ವರ್ಷ ಅಲುಗಾಡಲಿಲ್ಲ. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿ 1959ರಿಂದ ಐದು ವರ್ಷ ಸರಕಾರಿ ಸಾಲಿಗಳನ್ನೇ ಮುಚ್ಚಿತು. ಖೇಡಾದ ನೆನಪಾಗುತ್ತದೆ. 1964ರ ನಾಗರಿಕ ಹಕ್ಕುಗಳ ಕಾಯದೆ ಭೇದ ಮಾಡುವವರಿಗೆ ಕೇಂದ್ರದ ರೊಕ್ಕವಿಲ್ಲ ಎಂದಿತು, 1965ರಲ್ಲಿ ಸಾಲಿಗಳಿಗೆ ದೊಡ್ಡ ಕೇಂದ್ರ ಅನುದಾನವೂ ಬಂತು. ಆಮೇಲೆ ಬಾಗಿಲು ಸರಿಯತೊಡಗಿದವು. 2009ರಲ್ಲಿ ದಕ್ಷಿಣ ಕೆರೊಲಿನಾದ ಗವರ್ನರು ಆರ್ಥಿಕ ಚೇತರಿಕೆಯ ಕೇಂದ್ರದ ರೊಕ್ಕದಲ್ಲಿ ಒಂದು ಭಾಗ ಬೇಡವೆಂದು ಹಟ ಹಿಡಿದಾಗ, ಸಾಲಿಗಳ ಪಾಲೂ ಅದರಲ್ಲಿತ್ತು. ಅದೇ ರಾಜ್ಯದ ಮುರುಕು ಸಾಲಿಯ ಒಬ್ಬ ಕರಿಯ ಹುಡುಗಿ ಅಲ್ಲಿನ ಸಂಸತ್ತಿಗೆ ಕಾಗದ ಬರೆದಿದ್ದಳು. ಕೊನೆಗೆ ರಾಜ್ಯದ ಸುಪ್ರೀಂ ಕೋರ್ಟು ರೊಕ್ಕ ತರಿಸಲು ಗವರ್ನರಿಗೆ ಆದೇಶಿಸಿತು. ಧಾರವಾಡದ ಅರ್ಜಿಗೆ ಅಂಥ ಕೋರ್ಟು ಸಿಕ್ಕಿರಲಿಲ್ಲ.

ನಮ್ಮಲ್ಲೂ ಇಂದು ಕೇಂದ್ರ-ರಾಜ್ಯಗಳ ನಡುವೆ ಸಾಲಿಯ ರೊಕ್ಕದ ಜಗಳ ಜೋರಾಗಿದೆ. ಸಮಗ್ರ ಶಿಕ್ಷಣದಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40. ಪಿಎಂಶ್ರೀ ಯೋಜನೆಗೆ ಸಹಿ ಹಾಕದ ತಮಿಳುನಾಡಿಗೆ 2024ರಲ್ಲಿ ಆ ರೊಕ್ಕ ನಿಂತಿತು. ಅನುದಾನಕ್ಕೆ ಷರತ್ತು ಹಾಕುವ ಆಯುಧ ಹಳೆಯದೇ. ಬೋಲೆ ಅದನ್ನು ಕೇಳಿದ್ದು ಕೇರಿಯ ಮಗುವಿನ ಸಲುವಾಗಿ, ಇಂದು ಅದು ಯೋಜನೆಯೊಂದರ ಹೆಸರಿನ ಸಲುವಾಗಿ ಎತ್ತಲ್ಪಡುತ್ತಿದೆ. ಉಳ್ಳವರ ಮಕ್ಕಳು ಸರಕಾರಿ ಸಾಲಿ ಬಿಟ್ಟು ಕಾನ್ವೆಂಟಿನ ಬಸ್ಸು ಹತ್ತಿಯಾಗಿದೆ. ರೊಕ್ಕ ನಿಂತರೆ ಬಿಸಿ ತಾಗುವುದು ಉಳಿದವರಿಗೆ.

ದಲಿತರ ಹೆಸರಿನ ರೊಕ್ಕದ ಗತಿಯೂ ಅದೇ. 2013ರಲ್ಲಿ ಕರ್ನಾಟಕ ಪರಿಶಿಷ್ಟ ಜಾತಿ ಉಪಯೋಜನೆಯ ಕಾಯದೆ ಮಾಡಿತು, ಹೆಮ್ಮೆಯ ಮಾತು. ಅದೇ ಕಾಯದೆಯ 7(ಡಿ) ಕಲಮು ಎಲ್ಲರಿಗೂ ಆದ ಖರ್ಚಿನಲ್ಲಿ ಒಂದು ಪಾಲನ್ನು ದಲಿತರಿಗೇ ಆಯಿತೆಂದು ಬರೆದುಕೊಳ್ಳಲು ದಾರಿ ಬಿಟ್ಟಿತು. ಆ ಕಲಮು ಹೋಗಲು 2023 ಬರಬೇಕಾಯಿತು. 1856ರಲ್ಲಿ ನ್ಯಾಯ ನಿನ್ನದು, ಸಾಲಿ ನಿನ್ನದಲ್ಲ ಎಂದರು. ಆಮೇಲೆ ಲೆಕ್ಕ ನಿನ್ನದು, ರೊಕ್ಕ ನಿನ್ನದಲ್ಲ ಎಂದರು.

ಆದ್ದರಿಂದ ಮುಂಗಡಪತ್ರವೂ ದಲಿತ ವಿಮರ್ಶೆ ಓದಬೇಕಾದ ಪಠ್ಯವೇ. ಕತೆ-ಕಾದಂಬರಿಯಲ್ಲಿ ನಮ್ಮವರು ಹೇಗೆ ಬಂದಿದ್ದಾರೆ ಅಂತ ಕೇಳುವಷ್ಟೇ ಗಟ್ಟಿಯಾಗಿ, ಜಮಾ-ಖರ್ಚಿನಲ್ಲಿ ಹೇಗೆ ಬಂದಿದ್ದಾರೆ ಅಂತಲೂ ಕೇಳಬೇಕು. ಹೆಸರಿಲ್ಲದ ಆ ಹುಡುಗ ಮೊದಲು ಕೇಳಿದವರಲ್ಲೊಬ್ಬ. ಅವನಿಗೆ ಬಂದ ಉತ್ತರ ಇನ್ನೂ ಅರ್ಧವೇ ಇದೆ.