ಕೊಯಮತ್ತೂರಿನ ಪ್ಲೇಗೂ ಮಾರ್ಜಾಲವೂ

1898ರಲ್ಲಿ ಬೆಂಗಳೂರನ್ನು ತಲ್ಲಣಗೊಳಿಸಿದ ಪ್ಲೇಗು, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕೊಯಮತ್ತೂರಿಗೂ ಮರಳಿ ಮರಳಿ ಬಂದು, ಹತ್ತಿಯ ವ್ಯಾಪಾರದಿಂದ ಸಮೃದ್ಧವಾಗಿದ್ದ ಆ ಪಟ್ಟಣದ ಜನರನ್ನು ಮನೆಗಳಿಗೆ ಬೀಗವಿಕ್ಕಿ ಬಯಲಿನ ಗುಡಿಸಲುಗಳನ್ನು ಆಶ್ರಯಿಸುವಂತೆ ಮಾಡಿತು. ಆ ಭೀತಿಯಿಂದ ಹುಟ್ಟಿದ ಪ್ಲೇಗ್ ಮಾರಿಯಮ್ಮನ ಗುಡಿಗಳು ಇಂದಿಗೂ ಅಲ್ಲಿ ಪೂಜೆಗೊಳ್ಳುತ್ತಿವೆ. ಅಲ್ಲಿಯ ಕನ್ನಡ ನುಡಿಯ ದೇವಾಂಗ ನೇಕಾರರಿಗಂತೂ, ಪ್ಲೇಗನ್ನು ಹರಡುವ ಇಲಿಯು ಹೊಸ ಶತ್ರುವಲ್ಲ: ಗಂಜಿಯುಣಿಸಿ ಒಣಗಿಸಿದ ಹಾಸುನೂಲು ಧಾನ್ಯದಷ್ಟೇ ಅದನ್ನು ಆಕರ್ಷಿಸುವುದು, ಒಂದಿರುಳಿನ ಕಡಿತವು ಮಗ್ಗದ ಮೇಲಣ ಹಲವು ದಿನಗಳ ದುಡಿಮೆಯನ್ನು ಕೆಡಿಸಬಲ್ಲುದು.

ಇಲಿಯ ಚಿಗಟವೇ ರೋಗವಾಹಕವೆಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂ 1898ರಲ್ಲಿ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ ತರುವಾಯ, ಅಮರಾವತಿಯಲ್ಲಿ ವೈದ್ಯಾಧಿಕಾರಿಯಾಗಿದ್ದ ಆಂಡ್ರೂ ಬ್ಯೂಕನನ್, ಬೆಕ್ಕುಗಳು ಹೇರಳವಾಗಿರುವ ಊರುಗಳಲ್ಲಿ ಪ್ಲೇಗು ವಿರಳವೆಂದು ಕಂಡು, ಮನೆಮನೆಯಲ್ಲಿಯೂ ಬೆಕ್ಕನ್ನು ಸಾಕಬೇಕೆಂದು 1908ರ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ವಾದಿಸಿದನು. ಬೋನು ಪಾಷಾಣಗಳಿಗಿಂತ ಅಗ್ಗದ ಉಪಾಯವೇನೋ ಹೌದು! ಆದರೆ ಇಲಿ ಸತ್ತೊಡನೆ ಚಿಗಟವು ಬೇರೊಂದು ಶರೀರವನ್ನು ಅರಸುವುದೆಂಬುದೂ ಬೆಕ್ಕಿಗೂ ಪ್ಲೇಗು ತಗುಲುವುದೆಂಬುದೂ ಆತನ ಉತ್ಸಾಹಕ್ಕೆ ಅಡ್ಡಿಯಾದ ಸಂಗತಿಗಳು.

ಬೆಕ್ಕಿನ ನಿಜವಾದ ಉಪಯೋಗಕ್ಕೆ ಬೇರೊಂದು ನಿದರ್ಶನವುಂಟು: ಎರಡನೆಯ ಮಹಾಯುದ್ಧದಲ್ಲಿ ಮುತ್ತಿಗೆಗೊಳಗಾದ ರಷ್ಯದ ಲೆನಿನ್‌ಗ್ರಾಡಿನಲ್ಲಿ ಹಸಿದ ಜನರು ಬೆಕ್ಕುಗಳನ್ನೂ ತಿಂದು ಮುಗಿಸಿದ್ದುದರಿಂದ ಇಲಿಗಳು ಮಿತಿಮೀರಿದುವೆಂದೂ, 1943ರಲ್ಲಿ ಯಾರೊಸ್ಲಾವ್ಲ್ ಕಡೆಯಿಂದ ರೈಲಿನಲ್ಲಿ ಬೆಕ್ಕುಗಳನ್ನು ತರಿಸಿದರೆಂದೂ ಪ್ರತೀತಿಯುಂಟು. ಅಲ್ಲಿ ಬೆಕ್ಕು ಕಾಯ್ದದ್ದು ಮುಖ್ಯವಾಗಿ ಆಹಾರವನ್ನು. ಕೊಯಮತ್ತೂರಿನ ಉಗ್ರಾಣಕ್ಕೂ ಮಗ್ಗಕ್ಕೂ ಅದು ಸಲ್ಲಿಸಬಲ್ಲ ಸೇವೆ ಅಷ್ಟೇ. ಪ್ಲೇಗನ್ನು ನಮ್ಮ ದೇಶದಲ್ಲಿ ಅಡಗಿಸಿದುದು, ಬಹುಮಟ್ಟಿಗೆ, 1940ರ ದಶಕದಿಂದೀಚೆಗೆ ಬಂದ ಡಿಡಿಟಿ ಮತ್ತು ಪ್ರತಿಜೈವಿಕ ಔಷಧಗಳು.